ಟ್ಯಾಂಕಿನ ನೀರು ಬಿಡೋದು ಮರೀಬೇಡ

ಚಿ. ಪುಟ್ಟನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಆರಾಮು. ನೀನು ಸಾಲ ಮಾಡಿ ಎರಡು ಹೆಚ್‌ಪಿ ಕಂಪ್ರೆಸರ್ ತಗೊಂಡಿದ್ದೀಯ, ತೀರ್ಥಹಳ್ಳಿ ಸುತ್ತಮುತ್ತ ಗೇಟು, ಗ್ರಿಲ್ಲು, ಬೀರು ಅಂತ ಸ್ಪ್ರೇ ಪೇಂಟಿಂಗ್ ಕೆಲಸ ಹಿಡಿದಿದ್ದೀಯ ಎಂದು ಅಕ್ಕ ಹೇಳಿದಳು. ಖುಷಿಯಾಯಿತು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಎಲ್ಲದಕ್ಕೂ "ಹೂಂ ಮಾವ" ಅನ್ನುತ್ತೀಯ, ಆಮೇಲೆ ಒಂದೂ ನೆನಪಿರುವುದಿಲ್ಲ. ಅದಕ್ಕೇ ಕಾಗದ.

ಕಂಪ್ರೆಸರ್‌ನಲ್ಲಿ ಕೆಡುವ ಸಾಮಾನು ಬಹಳ ಇವೆ. ಬೆಲ್ಟ್ ಹೋಗುತ್ತದೆ, ವಾಲ್ವ್ ಪ್ಲೇಟ್ ಹೋಗುತ್ತದೆ, ಪಿಸ್ಟನ್ ರಿಂಗ್ ಸವೆಯುತ್ತದೆ, ಮೋಟಾರ್ ಸುಡುತ್ತದೆ. ಇವೆಲ್ಲ ದುಡ್ಡು ತಿನ್ನುವ ರಿಪೇರಿಗಳು, ಅಷ್ಟೇ. ಜೀವ ತಿನ್ನುವುದು ಗಾಳಿ ತುಂಬಿಡುವ ಟ್ಯಾಂಕ್ ಒಂದೇ. ಲೆಕ್ಕ ಹೇಳುತ್ತೇನೆ ನೋಡು. ನಿನ್ನ ಟ್ಯಾಂಕಿನ ಅಡ್ಡಗಲ 35 ಸೆಂಟಿಮೀಟರ್ ಅಂದುಕೋ. ಗೇಜ್‌ನಲ್ಲಿ ಚದರ ಸೆಂಟಿಮೀಟರಿಗೆ 8 ಕೆಜಿ, ಅಂದರೆ ನೀವು ಹೇಳುವ ಚದರ ಇಂಚಿಗೆ 114 ಪೌಂಡ್ ತೋರಿಸುವಾಗ, ಅದರ ಎರಡೂ ತುದಿಯ ಒಂದೊಂದು ಮುಚ್ಚಳದ ಮೇಲೆ ಏಳೂವರೆ ಟನ್‌ಗೂ ಜಾಸ್ತಿ ಭಾರ ಕೂತಿರುತ್ತದೆ. ತುಂಬಿದ ಲಾರಿಯ ಭಾರ ಅದು. ಅದನ್ನು ತಡೆದು ನಿಂತಿರುವುದು ಕೆಲವೇ ಮಿಲಿಮೀಟರ್ ದಪ್ಪದ ತಗಡು. ಆ ತಗಡನ್ನು ಒಳಗಿನಿಂದ ತಿನ್ನುವುದು ನೀರು. ಹೊರಗೆ ನೀಲಿ ಬಣ್ಣ ಫಳಫಳ ಹೊಳೆಯುತ್ತಲೇ ಇರುತ್ತದೆ. ಒಳಗೇನಾಗುತ್ತಿದೆ ಎಂದು ಯಾರಿಗೂ ಕಾಣುವುದಿಲ್ಲ.

ನೀರು ಎಲ್ಲಿಂದ ಬಂತು ಅಂತ ಕೇಳುತ್ತೀಯ. ನಿಮ್ಮ ಊರಿನ ಮಳೆಗಾಲದ ಗಾಳಿಯಿಂದಲೇ. 25 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಸುಮಾರು 23 ಗ್ರಾಂ ನೀರನ್ನು ಆವಿಯಾಗಿ ಹಿಡಿದಿಟ್ಟುಕೊಳ್ಳಬಲ್ಲದು. ಜುಲೈ ತಿಂಗಳಲ್ಲಿ ನಿಮ್ಮಲ್ಲಿ ಗಾಳಿ ಹೆಚ್ಚುಕಮ್ಮಿ ಅಷ್ಟೂ ತುಂಬಿಕೊಂಡೇ ಇರುತ್ತದೆ. ಅದನ್ನು ಒಂಬತ್ತರಲ್ಲಿ ಒಂದು ಪಾಲು ಜಾಗಕ್ಕೆ ಅದುಮಿ ತಣ್ಣಗಾಗಲು ಬಿಟ್ಟರೆ, ಒದ್ದೆ ಪಂಚೆ ಹಿಂಡಿದ ಹಾಗೆ ನೀರು ಇಳಿಯುತ್ತದೆ. ನಿನ್ನ ಮಷಿನ್ ಒಂದು ಗಂಟೆ ಎಡೆಬಿಡದೆ ಓಡಿದರೆ ಒಂದು ಲೋಟ ನೀರು ಲೆಕ್ಕಕ್ಕೆ ಸಿಗುತ್ತದೆ. ಸ್ವಲ್ಪ ಸ್ಪ್ರೇ ಗನ್ ಕಡೆ ಹೋಗುತ್ತದೆ, ಉಳಿದದ್ದು ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಹಾಗಾಗಿ ವಾರಕ್ಕೊಮ್ಮೆ ಬಿಟ್ಟರೆ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡ. ಅದು ಚಿತ್ರದುರ್ಗದ ಬೇಸಿಗೆಗೆ ಸರಿಯಿರಬಹುದು, ಮಲೆನಾಡಿಗಲ್ಲ.

ದಿನಾ ಸಂಜೆ ಕೆಲಸ ಮುಗಿದ ಮೇಲೆ ಹೀಗೆ ಮಾಡು. ಮೋಟಾರ್ ಆಫ್ ಮಾಡು. ಗಾಳಿ 15-20 ಪೌಂಡ್‌ಗೆ ಇಳಿಯುವ ತನಕ ಬಿಡು. ಆಮೇಲೆ ತಳದ ಡ್ರೈನ್ ವಾಲ್ವ್ ನಿಧಾನಕ್ಕೆ ತಿರುಗಿಸು. ಫುಲ್ ಪ್ರೆಷರ್‌ನಲ್ಲಿ ಒಮ್ಮೆಲೇ ತೆಗೆದರೆ ಕೆಸರು ಮುಖಕ್ಕೇ ಸಿಡಿಯುತ್ತದೆ. ಮಷಿನನ್ನು ವಾಲ್ವಿನ ಕಡೆಗೆ ಸ್ವಲ್ಪ ವಾಲಿಸು, ಕೊನೆಯ ಹನಿಯೂ ಬರಲಿ. ರಾತ್ರಿಯಿಡೀ ವಾಲ್ವ್ ತೆರೆದೇ ಇರಲಿ, ಒಳಗೆ ಆರುತ್ತದೆ. ಬರುವ ನೀರಿನಲ್ಲಿ ಎಣ್ಣೆಯೂ ಇರುತ್ತದೆ. ಅದನ್ನು ಯಾರದೋ ತೋಟಕ್ಕೋ ಬಾವಿ ಕಟ್ಟೆ ಹತ್ತಿರವೋ ಬಿಡಬೇಡ. ಒಂದು ಹಳೇ ಪೇಂಟ್ ಡಬ್ಬ ಇಟ್ಟುಕೋ.

ಆ ಡಬ್ಬದೊಳಗೆ ಒಂದು ಸಲ ಇಣುಕಿ ನೋಡುವುದನ್ನೂ ರೂಢಿ ಮಾಡಿಕೋ. ಟೀ ಬಣ್ಣದ ನೀರು ಬಂದರೆ ಗಾಬರಿ ಬೇಡ. ತುಕ್ಕಿನ ಚಕ್ಕೆ ಬರಲು ಶುರುವಾದರೆ ಮಷಿನ್ ನಿಲ್ಲಿಸು. ಟ್ಯಾಂಕ್ ಮೈಮೇಲೆ ಎಲ್ಲಾದರೂ ಸೂಜಿ ಮೊನೆಯಷ್ಟು ತೂತು ಬಿದ್ದು ಗಾಳಿ ಸುಯ್ ಅಂದರೆ ಆ ಟ್ಯಾಂಕಿನ ಕತೆ ಮುಗಿಯಿತು. ವೆಲ್ಡಿಂಗ್ ಶಾಪಿಗೆ ಒಯ್ದು ತೇಪೆ ಹಾಕಿಸುವವರು ಇದ್ದಾರೆ. ನೀನು ಹಾಗೆ ಮಾಡಬೇಡ. ತೂತಿನ ಸುತ್ತ ಅಂಗೈ ಅಗಲ ತಗಡು ಆಗಲೇ ತೆಳುವಾಗಿರುತ್ತದೆ. ವೆಲ್ಡಿಂಗ್ ಬಿಸಿ ಅದನ್ನು ಇನ್ನೂ ಕೆಡಿಸುತ್ತದೆ. ಹೊಸ ಟ್ಯಾಂಕ್ ಹಾಕಿಸಲು ದುಡ್ಡಿಲ್ಲದಿದ್ದರೆ ನನಗೆ ಹೇಳು, ಮುಚ್ಚಿಡಬೇಡ. ಹಳೇ ಟ್ಯಾಂಕಿನ ಮೇಲೆ ಅನುಮಾನ ಬಂದರೆ ಅದನ್ನು ನೀರು ತುಂಬಿಸಿ ಟೆಸ್ಟ್ ಮಾಡಿಸಬೇಕು. ಗಾಳಿ ತುಂಬಿಸಿ ಟೆಸ್ಟ್ ಮಾಡುವವನ ಹತ್ತಿರ ನಿಲ್ಲಲೂ ಬೇಡ.

ಟ್ಯಾಂಕಿಗೆ ಸೇರಿದ್ದು ಇನ್ನೊಂದಿದೆ, ಸೇಫ್ಟಿ ವಾಲ್ವ್. ರಿಂಗ್ ಇರುವ ಹಿತ್ತಾಳೆಯದು. ಗಾಳಿ ತುಂಬಿದ ಮೇಲೆ ಮಷಿನ್ ನಿಲ್ಲಿಸುವ ಪ್ರೆಷರ್ ಸ್ವಿಚ್ ಅಂಟಿಕೊಂಡು ಮೋಟಾರ್ ನಿಲ್ಲದೇ ಹೋದರೆ ನಿನ್ನನ್ನು ಕಾಯುವುದು ಅದೊಂದೇ. ತಿಂಗಳಿಗೊಮ್ಮೆ ಟ್ಯಾಂಕಿನಲ್ಲಿ ಗಾಳಿ ಇರುವಾಗ ರಿಂಗ್ ಎಳೆ. ಜೋರಾಗಿ ಗಾಳಿ ಬರಬೇಕು, ಬಿಟ್ಟ ತಕ್ಷಣ ಪೂರ್ತಿ ನಿಲ್ಲಬೇಕು. ಪೇಂಟಿನ ಧೂಳು ಕೂತು ಅದು ಗಟ್ಟಿಯಾಗುವುದು ನಿಮ್ಮ ಕಸುಬಿನಲ್ಲಿ ಮಾಮೂಲು. ಗಾಳಿ ಸೋರಿದರೆ ಅದೇ ಪ್ರೆಷರಿನ ಬೇರೆ ವಾಲ್ವ್ ಹಾಕು. ವಾಲ್ವ್ ತೆಗೆದು ಆ ತೂತಿಗೆ ಬೋಲ್ಟ್ ಬಿಗಿದು ಮುಚ್ಚುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಿಗೆ ಏನು ಹೇಳುವುದೋ ಗೊತ್ತಾಗುವುದಿಲ್ಲ. ಹಾಗೆಯೇ ಗಾಳಿ ಸಾಲುವುದಿಲ್ಲ ಅಂತ ಪ್ರೆಷರ್ ಸ್ವಿಚ್ಚಿನ ಸ್ಪ್ರಿಂಗ್ ತಿರುಗಿಸಿ ಏರಿಸಬೇಡ. ಟ್ಯಾಂಕ್ ಮೇಲಿನ ಪ್ಲೇಟಿನಲ್ಲಿ ಬರೆದದ್ದೇ ಕೊನೆ. ನಿನ್ನ ಗನ್ನಿಗೆ ಬೇಕಾದ್ದಾದರೂ ಎಷ್ಟು? 40-50 ಪೌಂಡ್ ಅಲ್ವಾ?

ಇನ್ನು ದುಡ್ಡು ತಿನ್ನುವ ಬಾಬತ್ತಿಗೆ ಬರುತ್ತೇನೆ.

ಸೈಟುಗಳಲ್ಲಿ ಜಾಸ್ತಿ ಸಾಯುವುದು ಮೋಟಾರ್. ಕೊಲ್ಲುವುದು ವೈರು. ಎರಡು ಹೆಚ್‌ಪಿ ಮೋಟಾರ್ ಓಡುವಾಗ ಹತ್ತು ಆಂಪಿಯರ್ ಹತ್ತಿರ ಎಳೆದರೆ, ಚಾಲೂ ಆಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ನೀನು 30 ಮೀಟರ್ ಉದ್ದದ 1 ಸ್ಕ್ವೇರ್ ಎಂಎಂ ವೈರ್ ಹಾಕಿದರೆ ಆ ಕ್ಷಣದಲ್ಲಿ 50 ವೋಲ್ಟ್ ವೈರಿನಲ್ಲೇ ಕಳೆದುಹೋಗುತ್ತದೆ. ಸಂಜೆ ಹೊತ್ತು ನಿಮ್ಮ ಕಡೆ ಮೊದಲೇ ಕರೆಂಟ್ ಡಿಮ್ಮು. ಮೋಟಾರ್ ಹುಂ ಅಂತ ಕೂತುಬಿಡುತ್ತದೆ, ಕೆಪಾಸಿಟರ್ ಹೋಗುತ್ತದೆ, ಕೊನೆಗೆ ವೈಂಡಿಂಗ್ ಸುಡುತ್ತದೆ. 2.5 ಸ್ಕ್ವೇರ್ ಎಂಎಂಗಿಂತ ಕಡಿಮೆ ವೈರ್ ಮುಟ್ಟಬೇಡ. ಅದಕ್ಕಿಂತ ಒಳ್ಳೆಯದು, ವೈರ್ ಗಿಡ್ಡ ಇರಲಿ, ಗಾಳಿ ಪೈಪ್ ಉದ್ದ ಇರಲಿ. ಇದರಿಂದ ಇನ್ನೆರಡು ಲಾಭ ಇವೆ. ಮಷಿನ್ ಪೇಂಟಿನಿಂದ ದೂರ ಇರುತ್ತದೆ, ಹಾಗಾಗಿ ಅದರ ಫಿಲ್ಟರ್ ಪೇಂಟಿನ ಧೂಳು ಎಳೆದುಕೊಳ್ಳುವುದಿಲ್ಲ. ಥಿನ್ನರ್ ಆವಿಗೆ ಸ್ವಿಚ್ಚಿನ ಕಿಡಿ ತಾಗುವ ಭಯವೂ ತಪ್ಪುತ್ತದೆ. ಗಾಳಿ ಬೀಸಿ ಬರುವ ದಿಕ್ಕಿನಲ್ಲಿ ಮಷಿನ್ ಇಡು. ಮತ್ತೆ, ಪ್ಲಗ್ ಇಲ್ಲದೆ ವೈರನ್ನು ಬೆಂಕಿಕಡ್ಡಿ ಸಿಕ್ಕಿಸಿ ಸಾಕೆಟ್‌ಗೆ ತೂರುವ ಕೆಲಸ ಬೇಡ ಮಾರಾಯ. ಮಳೆಯಲ್ಲಿ, ಒದ್ದೆ ನೆಲದಲ್ಲಿ, ಅರ್ತಿಂಗ್ ಇಲ್ಲದ ಕಬ್ಬಿಣದ ಟ್ಯಾಂಕ್! ಅದಕ್ಕೆ ಬೇರೆ ವಿವರಣೆ ಬೇಕಾ?

ನಿಲ್ಲಿಸುವಾಗ ಪ್ಲಗ್ ಕೀಳಬೇಡ. ಪ್ರೆಷರ್ ಸ್ವಿಚ್ ಮೇಲಿನ ಗುಂಡಿಯಿಂದಲೇ ಆಫ್ ಮಾಡು. ಆಗ ಪುಸ್ ಅಂತ ಒಂದು ಸದ್ದು ಬರುತ್ತದೆ ನೋಡು, ಅದು ಹೆಡ್‌ನಲ್ಲಿ, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳದಲ್ಲಿ, ಸಿಕ್ಕಿಕೊಂಡ ಗಾಳಿ ಹೊರಗೆ ಹೋಗುವುದು. ಪ್ಲಗ್ ಕಿತ್ತರೆ ಅದು ಅಲ್ಲೇ ಉಳಿಯುತ್ತದೆ. ಮುಂದಿನ ಸಲ ಮೋಟಾರ್ ಆ ಒತ್ತಡವನ್ನು ತಳ್ಳಿಕೊಂಡೇ ಏಳಬೇಕು. ಪುಸ್ ಸದ್ದು ಬರಲೇ ಇಲ್ಲ ಅಂದರೂ ತೊಂದರೆ. ನಿಲ್ಲದೆ ಸುಯ್‌ಗುಟ್ಟುತ್ತಲೇ ಇದ್ದರೂ ತೊಂದರೆ. ಎರಡನೆಯದಾದರೆ ಟ್ಯಾಂಕಿನ ಬಾಯಲ್ಲಿ ಗಾಳಿ ವಾಪಸ್ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವಿನಲ್ಲಿ ಕಸ ಕೂತಿದೆ ಎಂದು ಲೆಕ್ಕ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಪ್ಲಗ್ ತೆಗೆದು, ಆಮೇಲೆ ಅದನ್ನು ಬಿಚ್ಚಿ ಒರೆಸು.

ಆಯಿಲ್ ವಿಷಯದಲ್ಲಿ ಜಿಪುಣತನ ಬೇಡ. ಬೈಕಿಗೆ ಹಾಕಿ ಮಿಕ್ಕಿದ ಇಂಜಿನ್ ಆಯಿಲ್ ಸುರಿಯುವುದು ಎಲ್ಲ ಕಡೆ ನಡೆಯುತ್ತದೆ. ಅದರಲ್ಲಿರುವ ಕ್ಲೀನಿಂಗ್ ಮದ್ದು ಕಾರಿನ ಇಂಜಿನ್‌ಗೆ ಒಳ್ಳೆಯದು. ಇಲ್ಲಿ ಅದು ನೀರನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ, ವಾಲ್ವ್ ಪ್ಲೇಟ್ ಮೇಲೆ ಕಪ್ಪು ಕಾರ್ಬನ್ ಕಟ್ಟಿಸುತ್ತದೆ. ಕಂಪ್ರೆಸರ್ ಆಯಿಲ್ ಅಂತಲೇ ಬರುತ್ತದೆ. ಡಬ್ಬದ ಮೇಲೆ ವಿಜಿ 100 (ಆಯಿಲ್ ಎಷ್ಟು ಮಂದ ಅನ್ನುವ ಗುರುತು) ಎಂದಿರುವುದು ಇಂಥ ಮಷಿನ್‌ಗಳಿಗೆ ಸಾಮಾನ್ಯ. ಆದರೂ ನಿನ್ನ ಪುಸ್ತಕದಲ್ಲಿ ಯಾವುದು ಬರೆದಿದೆಯೋ ಅದೇ ಹಾಕು. ಹೊಸ ಮಷಿನ್ ಆದ್ದರಿಂದ ಮೊದಲ ಆಯಿಲನ್ನು ಬೇಗ ಬದಲಿಸಬೇಕು. 50 ಗಂಟೆಗೆ ಅಂತ ಸುಮಾರು ಕಂಪನಿಗಳು ಹೇಳುತ್ತವೆ. ಹೊಸ ರಿಂಗು, ಹೊಸ ಸಿಲಿಂಡರ್ ಒಂದಕ್ಕೊಂದು ಉಜ್ಜಿ ಬಂದ ಲೋಹದ ಪುಡಿ ಎಲ್ಲ ಅದರಲ್ಲಿರುತ್ತದೆ. ಬೆಳಿಗ್ಗೆ ಚಾಲೂ ಮಾಡುವ ಮೊದಲು, ಮಷಿನ್ ಮಟ್ಟಸವಾದ ನೆಲದಲ್ಲಿ ಇರುವಾಗ, ಆಯಿಲ್ ನೋಡುವ ಗಾಜಿನ ಕೆಂಪು ಚುಕ್ಕೆಯ ಮಟ್ಟಕ್ಕೆ ಆಯಿಲ್ ಇದೆಯಾ ನೋಡು. ಜಾಸ್ತಿ ಇದ್ದರೂ ಕೆಟ್ಟದ್ದೇ, ಆಯಿಲ್ ಗಾಳಿಯ ಜೊತೆ ಹೋಗಿ ನಿನ್ನ ಪೇಂಟಿನಲ್ಲಿ ಮೀನಿನ ಕಣ್ಣಿನ ಥರ ಗುಳಿ ಬೀಳಿಸುತ್ತದೆ. ಆಯಿಲ್ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಅವತ್ತೇ ಬದಲಿಸು.

ಫಿಲ್ಟರ್ ಸ್ಪಂಜಿನದಾದರೆ ವಾರಕ್ಕೊಮ್ಮೆ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸು. ಪೇಪರಿನದಾದರೆ ಒಳಗಿನಿಂದ ಹೊರಗೆ ಗಾಳಿ ಊದು, ಬಣ್ಣ ಹಿಡಿದಿದ್ದರೆ ಎಸೆ. ಬೆಲ್ಟ್ ಮಧ್ಯದಲ್ಲಿ ಹೆಬ್ಬೆರಳಿಂದ ಒತ್ತಿದರೆ ಅರ್ಧ ಇಂಚು ಬಗ್ಗಬೇಕು, ಅಷ್ಟೇ. ಬೆಲ್ಟ್ ಗಾರ್ಡ್ ತೆಗೆದಿಟ್ಟು ಓಡಿಸಬೇಡ.

ಗಾಡಿಯಲ್ಲಿ ಒಯ್ಯುವಾಗ ಟ್ಯಾಂಕ್ ಖಾಲಿ ಇರಲಿ. ನೆಟ್ಟಗೆ ನಿಲ್ಲಿಸಿ ಹಗ್ಗ ಕಟ್ಟು. ಅಡ್ಡ ಮಲಗಿಸಿದರೆ ಆಯಿಲ್ ಸಿಲಿಂಡರಿಗೆ ಏರುತ್ತದೆ. ನಿಮ್ಮ ಕಡೆಯ ರಸ್ತೆಗೆ ಮೋಟಾರಿನ ಬೋಲ್ಟುಗಳು ಸಡಿಲವಾಗದೆ ಇರವು, ಪಾನಾ ಹಾಕಿ ಆಗಾಗ ನೋಡುತ್ತಿರು. ಹೆಡ್ ಬೋಲ್ಟ್ ಮಾತ್ರ ಸುಮ್ನೆ ಮುಟ್ಟಬೇಡ.

ಕೊನೆಗೆ ಒಂದು ಸಣ್ಣ ಪರೀಕ್ಷೆ. ಮೆಕ್ಯಾನಿಕ್ ಇಲ್ಲದೆಯೇ ಮಷಿನಿನ ಆರೋಗ್ಯ ಹೇಳುವುದು ಇದೊಂದೇ. ಡ್ರೈನ್ ಮುಚ್ಚಿ, ಔಟ್‌ಲೆಟ್ ಮುಚ್ಚಿ, ಸೊನ್ನೆಯಿಂದ ಶುರು ಮಾಡಿ ತಾನೇ ಕಟ್ ಆಗುವ ತನಕ ಎಷ್ಟು ನಿಮಿಷ ಬೇಕು ಅಂತ ಮೊಬೈಲಿನಲ್ಲಿ ನೋಡು. ನೂರು ಲೀಟರ್ ಟ್ಯಾಂಕಿಗೆ ಐದು ನಿಮಿಷದ ಆಸುಪಾಸು ಬರಬಹುದು. ನಿನ್ನದು ಎಷ್ಟೋ ಅಷ್ಟನ್ನು ಈಗಲೇ, ಹೊಸದಿರುವಾಗಲೇ, ತಾರೀಖು ಹಾಕಿ ಬರೆದಿಡು. ಪ್ರತಿ ತಿಂಗಳೂ ಹಾಗೇ ನೋಡು. ಹೊತ್ತು ಜಾಸ್ತಿ ಹಿಡಿಯತೊಡಗಿದರೆ ಮೊದಲು ಫಿಲ್ಟರ್, ಆಮೇಲೆ ಬೆಲ್ಟ್, ಆಮೇಲೆ ಸೋಪು ನೀರು ಹಚ್ಚಿ ಜಾಯಿಂಟುಗಳು. ಅಲ್ಲೆಲ್ಲ ಸರಿ ಇದ್ದರೆ ಮಾತ್ರ ವಾಲ್ವ್ ಪ್ಲೇಟು, ರಿಂಗು. ಮೆಕ್ಯಾನಿಕ್ ಬಂದವನೇ ಹೆಡ್ ಬಿಚ್ಚೋಣ ಅಂದರೆ ಈ ಸಾಲು ಓದಿ ಹೇಳು.

ಟ್ಯಾಂಕ್ ಮೇಲಿನ ಪ್ಲೇಟ್ ಕಾಣುವ ಹಾಗೆ ಒಂದು ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸು. ವರ್ಕಿಂಗ್ ಪ್ರೆಷರ್ ಎಷ್ಟು, ಟೆಸ್ಟ್ ಪ್ರೆಷರ್ ಎಷ್ಟು ಅಂತ ನಾನೂ ನೋಡಬೇಕು. ಪ್ಲೇಟೇ ಇಲ್ಲದಿದ್ದರೆ ಕೊಟ್ಟ ಅಂಗಡಿಯವನಿಗೆ ಈ ವಾರವೇ ಫೋನ್ ಮಾಡು, ಬಿಲ್ ಕೈಯಲ್ಲಿ ಇಟ್ಟುಕೊಂಡು ಮಾತಾಡು. ಅಕ್ಕನಿಗೆ, ಭಾವನಿಗೆ ಕೇಳಿದೆ ಅಂತ ಹೇಳು.

ಇಂತಿ ನಿನ್ನ ಮಾವ