ವಾಲ್ವ್ ಯಾವ ಬದಿಯ ಒತ್ತಡ ನೋಡುತ್ತದೆ?

ಮಾನ್ಯ ಸಂಪಾದಕರೇ,

ಬಾಹ್ಯಾಕಾಶ ನಿಲ್ದಾಣ ಕಟ್ಟುವ ಆಟಗಳನ್ನು ಪರಿಚಯಿಸುವ ಬರಹಗಳು ಸಾಮಾನ್ಯವಾಗಿ ಗ್ರಾಫಿಕ್ಸ್ ಮತ್ತು ಕಂಪ್ಯೂಟರಿಗೆ ಬೇಕಾದ ಸಾಮರ್ಥ್ಯವನ್ನು ಹೇಳಿ ಮುಗಿದುಬಿಡುತ್ತವೆ. ಹೊಸಬರು ಕಟ್ಟಿದ ನಿಲ್ದಾಣ ಮತ್ತೆ ಮತ್ತೆ ಒಡೆದುಹೋಗುವುದು ಪೈಪು ಮತ್ತು ವಾಲ್ವ್‌ಗಳ ದೆಸೆಯಿಂದ; ಆ ವಿಷಯವನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ನಿಮ್ಮ ತಂತ್ರಜ್ಞಾನ ಪುಟ ಈ ಕೊರತೆಯನ್ನು ತುಂಬಲಿ ಎಂಬ ಆಸೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

2017ರ ಡಿಸೆಂಬರ್‌ನಲ್ಲಿ ಅರ್ಲಿ ಆಕ್ಸೆಸ್ (ಪೂರ್ತಿ ಸಿದ್ಧವಾಗುವ ಮುನ್ನವೇ ಆಡಲು ಕೊಡುವ) ರೂಪದಲ್ಲಿ ಬಂದ ‘ಸ್ಟೇಷನೀರ್ಸ್’ ಆಟವನ್ನೇ ನೋಡಿ. ಅನಿಲಗಳ ಒತ್ತಡ, ಗಾತ್ರ, ಉಷ್ಣತೆಗಳನ್ನು ಅದು ಇವು ಮೂರನ್ನೂ ಒಂದಕ್ಕೊಂದು ಜೋಡಿಸುವ ಭೌತವಿಜ್ಞಾನದ ‘ಆದರ್ಶ ಅನಿಲ ನಿಯಮ’ದ ಪ್ರಕಾರ ಲೆಕ್ಕ ಹಾಕುತ್ತದೆ. ಒಂದು ಘನ ಮೀಟರ್ ಗಾತ್ರದ ಟ್ಯಾಂಕಿನಲ್ಲಿ 10,000 ಕಿಲೋಪ್ಯಾಸ್ಕಲ್ ಒತ್ತಡದ ಆಮ್ಲಜನಕ ಇದೆ ಎಂದಿಟ್ಟುಕೊಳ್ಳೋಣ. 9 ಘನ ಮೀಟರಿನ ನಿರ್ವಾತ ಕೋಣೆಗೆ ಅದನ್ನು ಸಾದಾ ವಾಲ್ವ್ ಮತ್ತು ಪ್ಯಾಸಿವ್ ವೆಂಟ್ (ಪೈಪನ್ನು ಕೋಣೆಗೆ ತೆರೆದಿಡುವ ಕಿಂಡಿ) ಮೂಲಕ ತೆರೆದುಬಿಟ್ಟರೆ, ಉಷ್ಣತೆ ಬದಲಾಗದಿದ್ದ ಪಕ್ಷದಲ್ಲಿ, ಎರಡೂ ಕಡೆ 1,000 ಕಿಲೋಪ್ಯಾಸ್ಕಲ್ ಆಗುವ ತನಕ ಅನಿಲ ಹರಿಯುತ್ತಲೇ ಇರುತ್ತದೆ. ಅದು ಸಮುದ್ರಮಟ್ಟದ ಗಾಳಿಯ ಒತ್ತಡದ ಸುಮಾರು ಹತ್ತು ಪಟ್ಟು. ಸಾದಾ ವಾಲ್ವ್‌ಗೆ ತೆರೆಯುವುದು, ಮುಚ್ಚುವುದು ಎರಡೇ ಗೊತ್ತು. ಎಲ್ಲಿ ನಿಲ್ಲಬೇಕೆಂದು ಅದಕ್ಕೆ ಗೊತ್ತಿಲ್ಲ.

ಇಲ್ಲಿ ಬೇಕಾದದ್ದು ಪ್ರೆಶರ್ ರೆಗ್ಯುಲೇಟರ್. ಅದು ತನ್ನ ಮುಂದಿನ, ಅಂದರೆ ಅನಿಲ ಹೊರಬೀಳುವ ಬದಿಯ ಒತ್ತಡವನ್ನು ಗಮನಿಸುತ್ತದೆ. 100 ಕಿಲೋಪ್ಯಾಸ್ಕಲ್‌ಗೆ ಹೊಂದಿಸಿದರೆ ಕೋಣೆ ಅಷ್ಟು ತುಂಬಿದೊಡನೆ ಅನಿಲ ಬಿಡುವುದನ್ನು ನಿಲ್ಲಿಸುತ್ತದೆ. ಬ್ಯಾಕ್ ಪ್ರೆಶರ್ ರೆಗ್ಯುಲೇಟರ್ ಇದಕ್ಕೆ ತದ್ವಿರುದ್ಧ: ಅದು ಗಮನಿಸುವುದು ಅನಿಲ ಒಳಬರುವ ಬದಿಯನ್ನು. ಅಲ್ಲಿ ನಿಗದಿಗಿಂತ ಹೆಚ್ಚಾದದ್ದನ್ನೆಲ್ಲ ಆಚೆಗೆ ದಾಟಿಸುವುದೇ ಅದರ ಕೆಲಸ. ಕೋಣೆಯ ಹೆಚ್ಚುವರಿ ಗಾಳಿಯನ್ನು ಹೊರಹಾಕಲು ಇದು ಹೇಳಿ ಮಾಡಿಸಿದಂತಿದೆ. ಆದರೆ ಅದನ್ನೇ ಟ್ಯಾಂಕಿನ ಬಾಯಿಗೆ ಜೋಡಿಸಿ 100ಕ್ಕೆ ಹೊಂದಿಸಿದರೆ, ಟ್ಯಾಂಕಿನಲ್ಲಿ 100ಕ್ಕಿಂತ ಮೇಲಿರುವ ಅಷ್ಟೂ ಅನಿಲವನ್ನು ಕೋಣೆಗೆ ಸುರಿಯುತ್ತದೆ. ಎರಡೂ ಉಪಕರಣಗಳಲ್ಲಿ ಹೊಂದಿಸುವ ಸಂಖ್ಯೆ ಒಂದೇ, ಪರಿಣಾಮ ಮಾತ್ರ ಪೂರ್ತಿ ಬೇರೆ. ನನ್ನ ಮಟ್ಟಿಗೆ ಈ ಆಟದಲ್ಲಿ ಮೊದಲು ಕಲಿಯಬೇಕಾದ ಪಾಠವೇ ಇದು.

ದ್ರವಗಳ ಸಂಗತಿ ಇನ್ನೊಂದು ಬಗೆಯದು. ತಣ್ಣಗಾದ ಅನಿಲ ಪೈಪಿನೊಳಗೇ ದ್ರವವಾದರೆ ಅನಿಲದ ಪೈಪು ಅದನ್ನು ತಾಳಲಾರದೆ ಒಡೆಯುತ್ತದೆ. ಆ ದ್ರವವನ್ನು ದ್ರವದ ಪೈಪಿಗೆ ಇಳಿಸಲು ಕಂಡೆನ್ಸೇಷನ್ ವಾಲ್ವ್, ದ್ರವದ ಪೈಪಿನಲ್ಲಿ ಸೇರಿಕೊಂಡ ಅನಿಲವನ್ನು ತೆಗೆಯಲು ಪರ್ಜ್ ವಾಲ್ವ್ ಇವೆ.

ಇದೆಲ್ಲ ಆಟದ ಮಾತಷ್ಟೇ ಎನ್ನುವವರು ಸೋವಿಯತ್ ಬಾಹ್ಯಾಕಾಶ ನೌಕೆ ಸೋಯುಜ್ 11ರ ದುರಂತವನ್ನು ನೆನೆಯಬೇಕು. ಮೊತ್ತಮೊದಲ ಬಾಹ್ಯಾಕಾಶ ನಿಲ್ದಾಣವಾದ ಸಲ್ಯೂತ್ 1ರಲ್ಲಿ ತಂಗಿ 1971ರ ಜೂನ್ 30ರಂದು ಮರಳುತ್ತಿದ್ದ ಗಗನಯಾತ್ರಿಗಳಾದ ದೊಬ್ರೊವೋಲ್ಸ್ಕಿ, ವೋಲ್ಕೋವ್, ಪತ್ಸಾಯೆವ್ ಅವರ ನೌಕೆಯಲ್ಲಿ, ಭೂಮಿಯ ಸಮೀಪಕ್ಕೆ ಬಂದ ಮೇಲೆ ತೆರೆಯಬೇಕಿದ್ದ ಒತ್ತಡ ಸಮಗೊಳಿಸುವ ವಾಲ್ವ್ ಸುಮಾರು 168 ಕಿಲೋಮೀಟರ್ ಎತ್ತರದಲ್ಲೇ ತೆರೆದುಕೊಂಡಿತು. ಅವರು ಬಾಹ್ಯಾಕಾಶ ಉಡುಪು ಧರಿಸಿರಲಿಲ್ಲ. ವಾಲ್ವನ್ನು ಕೈಯಿಂದ ಮುಚ್ಚುವಷ್ಟು ಸಮಯ ಸಿಗದೆ ಮೂವರೂ ಪ್ರಾಣ ಕಳೆದುಕೊಂಡರು.

ಆದ್ದರಿಂದ ಇಂಥ ಆಟದ ಪರಿಚಯ ಪ್ರಕಟಿಸುವಾಗ, ಒಂದು ಟ್ಯಾಂಕು, ಒಂದು ಕೋಣೆ, ನಡುವೆ ರೆಗ್ಯುಲೇಟರ್ ಇರುವ ಸರಳ ಚಿತ್ರವನ್ನು ಅದರೊಂದಿಗೆ ಕೊಡಬೇಕೆಂದು, ಅನಿಲ ಹರಿಯುವ ದಿಕ್ಕನ್ನೂ ರೆಗ್ಯುಲೇಟರ್ ಗಮನಿಸುವ ಬದಿಯನ್ನೂ ಅದರಲ್ಲಿ ಬಾಣದ ಗುರುತಿನಿಂದ ತೋರಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ