ಗಣಿತದ ಕೋಟಿ ಬಹುಮಾನ: ಸತ್ಕಾರಕ್ಕೆ ಮೊದಲು ಓದುವವರು ಬೇಕು

ಮಾನ್ಯ ಸಂಪಾದಕರಿಗೆ,

ವಿಜಯಪುರ ಜಿಲ್ಲೆಯ ಪದವಿ ವಿದ್ಯಾರ್ಥಿಯೊಬ್ಬನು ಜಗತ್ತಿನ ಗಣಿತಜ್ಞರಿಗೆ ಬಗೆಹರಿಯದ ಕೊಲಾಟ್ಜ್ ಸಮಸ್ಯೆಯನ್ನು ಬಿಡಿಸಿದ್ದಾನೆಂದೂ, ಅಮೆರಿಕದ ಕ್ಲೇ ಗಣಿತ ಸಂಸ್ಥೆಯ ಹತ್ತು ಲಕ್ಷ ಡಾಲರ್, ಅಂದರೆ ಎಂಟು ಕೋಟಿ ರೂಪಾಯಿಗೂ ಮಿಕ್ಕ ಬಹುಮಾನ ಅವನಿಗೆ ಬರುವುದು ಖಚಿತವೆಂದೂ ಜಿಲ್ಲಾ ಪುಟದಲ್ಲಿ ಬಂದ ವರದಿಯನ್ನು ಓದಿದೆ. ಅದಾದ ಬಳಿಕ ಎರಡು ಸಂಘದವರು ಆ ಹುಡುಗನಿಗೆ ಶಾಲು ಹೊದಿಸಿ ಸತ್ಕಾರವನ್ನೂ ಮಾಡಿದ್ದಾರೆ. ಹುಡುಗನ ಶ್ರದ್ಧೆಯ ಬಗ್ಗೆ ನನಗೆ ಕಿಂಚಿತ್ತೂ ಸಂಶಯವಿಲ್ಲ. ಆದರೆ ಈ ಬಹುಮಾನಗಳು ಹೇಗೆ ಸಲ್ಲುತ್ತವೆ ಎಂಬುದನ್ನು ವರದಿ ಮಾಡಿದವರಾಗಲಿ, ಸತ್ಕರಿಸಿದವರಾಗಲಿ ವಿಚಾರಿಸಿದಂತೆ ಕಾಣುವುದಿಲ್ಲ.

ಮೊದಲಿಗೆ, ಕ್ಲೇ ಸಂಸ್ಥೆಯು 2000ದ ಮೇ 24ರಂದು ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ ಏಳು ಸಮಸ್ಯೆಗಳ ಪಟ್ಟಿಯಲ್ಲಿ ಕೊಲಾಟ್ಜ್ ಸಮಸ್ಯೆ ಇಲ್ಲವೇ ಇಲ್ಲ. ಅದಕ್ಕೆ ಹಂಗೇರಿಯ ಗಣಿತಜ್ಞ ಪಾಲ್ ಎರ್ಡಿಶ್ ಅವರು ಹಿಂದೆ 500 ಡಾಲರ್ ಇಟ್ಟಿದ್ದರು; 2021ರಲ್ಲಿ ಜಪಾನಿನ ಕಂಪನಿಯೊಂದು 12 ಕೋಟಿ ಯೆನ್ ಘೋಷಿಸಿತು. ಇನ್ನು ಕ್ಲೇ ಬಹುಮಾನದ ವಿಷಯಕ್ಕೆ ಬಂದರೆ, ಸಂಸ್ಥೆಯವರು ಯಾರ ಉತ್ತರವನ್ನೂ ನೇರವಾಗಿ ಸ್ವೀಕರಿಸುವುದಿಲ್ಲ. ಸಾಧನೆಯು, ಅಂದರೆ ಉತ್ತರ ಸರಿಯೆಂದು ತರ್ಕದಿಂದ ತೋರಿಸುವ ಬರಹವು, ಮಾನ್ಯತೆಯುಳ್ಳ ಗಣಿತ ಪತ್ರಿಕೆಯಲ್ಲಿ ಪ್ರಕಟವಾಗಬೇಕು, ಪ್ರಕಟವಾದ ಮೇಲೆ ಕನಿಷ್ಠ ಎರಡು ವರ್ಷ ಕಳೆಯಬೇಕು, ಅಷ್ಟರಲ್ಲಿ ಗಣಿತಜ್ಞರ ಸಮುದಾಯ ಅದನ್ನು ಸಾಮಾನ್ಯವಾಗಿ ಒಪ್ಪಿಕೊಂಡಿರಬೇಕು. ಏಳರಲ್ಲಿ ಈವರೆಗೆ ಬಗೆಹರಿದಿರುವುದು ಪ್ವಾಂಕರೆ ಊಹೆ ಎಂಬ ಸಮಸ್ಯೆ ಒಂದೇ. ಅದನ್ನು ಬಿಡಿಸಿದ ರಷ್ಯದ ಗ್ರಿಗೊರಿ ಪೆರೆಲ್ಮನ್ ಅವರು ತಮ್ಮ ಲೇಖನಗಳನ್ನು 2002 ಮತ್ತು 2003ರಲ್ಲಿ ಅಂತರ್ಜಾಲದಲ್ಲಿ ಇಟ್ಟರು. ಹಲವು ತಂಡಗಳು ವರ್ಷಗಟ್ಟಲೆ ಕುಳಿತು ಸಾಲುಸಾಲಾಗಿ ಓದಿದವು. ಬಹುಮಾನ ಘೋಷಣೆಯಾದದ್ದು 2010ರಲ್ಲಿ. ಇದೇ ಸಮಸ್ಯೆಗೆ ದಾರಿ ಹಾಕಿಕೊಟ್ಟಿದ್ದ ಅಮೆರಿಕದ ಗಣಿತಜ್ಞ ರಿಚರ್ಡ್ ಹ್ಯಾಮಿಲ್ಟನ್ ಅವರ ಕೆಲಸ ತಮ್ಮದಕ್ಕಿಂತ ಕಡಿಮೆಯದಲ್ಲವೆಂದು ಹೇಳಿ ಪೆರೆಲ್ಮನ್ ಆ ಹಣವನ್ನು ಮುಟ್ಟಲೂ ಇಲ್ಲ. ನಮ್ಮಲ್ಲಾದರೆ ವರದಿ ಬಂದ ವಾರದೊಳಗೆ ಬ್ಯಾನರ್ ಕಟ್ಟಿಯಾಗಿತ್ತು.

ಹುಡುಗನ ತಂದೆಯವರು ನನಗೆ ಪರಿಚಿತರಾದ್ದರಿಂದ ಅವನ ಬರಹದ ಝೆರಾಕ್ಸ್ ಪ್ರತಿಯೊಂದು ನನ್ನ ಕೈಗೂ ಬಂತು. ಸಮಸ್ಯೆ ಹೇಳಲು ಸುಲಭವಾಗಿದೆ. ಯಾವುದೇ ಧನ ಪೂರ್ಣಾಂಕವನ್ನು ತೆಗೆದುಕೊಂಡು, ಅದು ಸಮವಾಗಿದ್ದರೆ ಅರ್ಧ ಮಾಡುವುದು, ಬೆಸವಾಗಿದ್ದರೆ ಮೂರರಿಂದ ಗುಣಿಸಿ ಒಂದು ಕೂಡಿಸುವುದು, ಹೀಗೇ ಮುಂದುವರಿದರೆ ಕಡೆಗೆ ಒಂದಕ್ಕೇ ಬಂದು ನಿಲ್ಲುತ್ತದೆಯೇ ಎಂಬುದು ಪ್ರಶ್ನೆ. ಬೆಸ ಸಂಖ್ಯೆಯನ್ನು ಮೂರು ಪಟ್ಟು ಮಾಡಿ ಒಂದು ಕೂಡಿಸಿದಾಗ ಬರುವುದು ಸಮಸಂಖ್ಯೆಯೇ ಆದ್ದರಿಂದ ಅದನ್ನು ಒಮ್ಮೆಯಾದರೂ ಅರ್ಧ ಮಾಡಲೇಬೇಕಾಗುತ್ತದೆ. ಕೆಲವೊಮ್ಮೆ ಎರಡು, ಮೂರು ಬಾರಿಯೂ ಅರ್ಧ ಮಾಡಬಹುದು. ಲೆಕ್ಕ ಹಾಕಿದರೆ ಒಂದು ಬೆಸ ಸಂಖ್ಯೆಯಿಂದ ಮುಂದಿನ ಬೆಸ ಸಂಖ್ಯೆಗೆ ಹೋಗುವಾಗ ಬೆಲೆ ಸರಾಸರಿಯಲ್ಲಿ ಮುಕ್ಕಾಲು ಪಾಲಿಗೆ ಇಳಿಯುತ್ತದೆ. ಇದನ್ನು ಹುಡುಗ ತಾನೇ ಕಂಡುಕೊಂಡು, ಅಚ್ಚುಕಟ್ಟಾಗಿ ಬರೆದಿದ್ದಾನೆ. ನನ್ನ ಸೇವಾವಧಿಯಲ್ಲಿ ಇಷ್ಟು ಸ್ವತಂತ್ರವಾಗಿ ಯೋಚಿಸಿದವರನ್ನು ನಾನು ಹೆಚ್ಚು ಕಂಡಿಲ್ಲ. ಎಡವಿರುವುದು ಮುಂದಿನ ಸಾಲಿನಲ್ಲಿ, ‘ಆದ್ದರಿಂದ ಪ್ರತಿ ಸಂಖ್ಯೆಯೂ ಇಳಿಯುತ್ತದೆ’ ಎಂದು ಬರೆದಲ್ಲಿ. ಜಿಲ್ಲೆಯಲ್ಲಿ ಸರಾಸರಿ ಮಳೆಯಾಗಿದೆ ಎಂದ ಮಾತ್ರಕ್ಕೆ ಸಿಂದಗಿ ತಾಲ್ಲೂಕಿನ ಪ್ರತಿ ಹೊಲವೂ ನೆನೆದಿದೆ ಎಂದು ಹೇಳಲಾಗುವುದಿಲ್ಲವಷ್ಟೇ. 27ರಿಂದ ಹೊರಟರೆ ಸಂಖ್ಯೆಯು 9232ರವರೆಗೆ ಏರಿ, ಒಟ್ಟು 111 ಹೆಜ್ಜೆಗಳ ನಂತರವೇ ಒಂದಕ್ಕೆ ಇಳಿಯುತ್ತದೆ. ಎಂದೂ ಇಳಿಯದೆ ಏರುತ್ತಲೇ ಹೋಗುವ, ಇಲ್ಲವೇ ಬೇರೊಂದು ಸುತ್ತಿನಲ್ಲಿ ಸಿಕ್ಕಿಕೊಳ್ಳುವ ಸಂಖ್ಯೆ ಒಂದೂ ಇಲ್ಲವೆಂದು ತೋರಿಸುವುದೇ ಇಲ್ಲಿನ ಕಷ್ಟ. ಹೆಸರಾಂತ ಗಣಿತಜ್ಞ ಟೆರೆನ್ಸ್ ಟಾವೊ ಅವರಂಥವರು 2019ರಲ್ಲಿ ಸಾಧಿಸಿದ ಫಲಿತಾಂಶವೂ ‘ಬಹುತೇಕ ಎಲ್ಲ ಸಂಖ್ಯೆಗಳು’ ಎಂಬಲ್ಲಿಗೆ ನಿಲ್ಲುತ್ತದೆ.

ಈ ಒಂದು ಸಾಲನ್ನು ತೋರಿಸಿಕೊಡಲು ಗಣಿತ ಬಲ್ಲವರಿಗೆ ಅರ್ಧ ತಾಸು ಸಾಕಿತ್ತು. ಆ ಅರ್ಧ ತಾಸು ಹುಡುಗನಿಗೆ ಎಲ್ಲಿಯೂ ಸಿಗಲಿಲ್ಲ ಎಂಬುದೇ ನನ್ನ ತಕರಾರು. ಅವನು ಬರಹವನ್ನು ಹಿಡಿದು ಒಂದೆರಡು ಕಡೆ ಹೋಗಿದ್ದನಂತೆ. ಒಬ್ಬರು ನೋಡದೆಯೇ ನಕ್ಕು ಕಳಿಸಿದರೆ, ಇನ್ನೊಬ್ಬರು ನೋಡದೆಯೇ ಶಹಬ್ಬಾಸ್ ಎಂದರಂತೆ.

ಹಿಂದೆ ಜರ್ಮನಿಯಲ್ಲೂ ಇಂಥದೇ ಪ್ರಸಂಗ ನಡೆದಿತ್ತು. ಹದಿನೇಳನೇ ಶತಮಾನದ ಫ್ರಾನ್ಸಿನ ಗಣಿತಜ್ಞ ಫರ್ಮಾ ಸಾಧನೆ ಕೊಡದೆ ಬಿಟ್ಟುಹೋದ ‘ಕೊನೆಯ ಪ್ರಮೇಯ’ಕ್ಕೆ 1908ರಲ್ಲಿ ಒಂದು ಲಕ್ಷ ಮಾರ್ಕುಗಳ ವೊಲ್ಫ್‌ಸ್ಕೆಲ್ ಬಹುಮಾನ ಘೋಷಣೆಯಾದಾಗ ಮೊದಲ ವರ್ಷದಲ್ಲೇ 621 ಉತ್ತರಗಳು ಗಟಿಂಗೆನ್ ನಗರಕ್ಕೆ ಬಂದು ಬಿದ್ದವು. ಅಲ್ಲಿನ ಪ್ರಾಧ್ಯಾಪಕ ಲಾಂಡಾವ್ ಅವರು, ಮೊದಲ ತಪ್ಪು ಇಂಥ ಪುಟದ ಇಂಥ ಸಾಲಿನಲ್ಲಿದೆ ಎಂದು ತುಂಬಿ ಕಳಿಸಲು ಜಾಗ ಬಿಟ್ಟ ಕಾರ್ಡುಗಳನ್ನೇ ಅಚ್ಚು ಹಾಕಿಸಿ, ಪುಟವನ್ನೂ ಸಾಲನ್ನೂ ಹುಡುಕುವ ಕೆಲಸವನ್ನು ತಮ್ಮ ವಿದ್ಯಾರ್ಥಿಗಳಿಗೆ ಒಪ್ಪಿಸುತ್ತಿದ್ದರು. ಅದರಲ್ಲಿ ಸ್ವಲ್ಪ ಬೇಸರವೂ ಇದ್ದಿರಬಹುದು, ಆದರೆ ಕಳಿಸಿದವನಿಗೆ ತನ್ನ ತಪ್ಪು ಯಾವ ಸಾಲಿನಲ್ಲಿದೆ ಎಂಬುದಾದರೂ ತಿಳಿಯುತ್ತಿತ್ತು. ಕೊನೆಗೆ 1997ರಲ್ಲಿ ಆ ಬಹುಮಾನ ಪಡೆದ ಇಂಗ್ಲೆಂಡಿನ ಗಣಿತಜ್ಞ ಆಂಡ್ರೂ ವೈಲ್ಸ್ ಅವರ 1993ರ ಸಾಧನೆಯಲ್ಲೂ ಪರಿಶೀಲಕರು ಒಂದು ಬಿರುಕನ್ನು ಹಿಡಿದಿದ್ದರು. ಅದನ್ನು ಮುಚ್ಚಲು ಅವರಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

ಸತ್ಕಾರದ ಭಾಷಣಗಳಲ್ಲಿ ಭಾಸ್ಕರಾಚಾರ್ಯರ ಹೆಸರೂ ಬಂತೆಂದು ಕೇಳಿದೆ. ಅವರ ಊರು ನಮ್ಮ ವಿಜಯಪುರವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ಅದು ಇಲ್ಲಿ ಬೇಡ. ಯಾವ ವರ್ಗಸಂಖ್ಯೆಯನ್ನು 61ರಿಂದ ಗುಣಿಸಿ ಒಂದು ಕೂಡಿಸಿದರೆ ಮತ್ತೊಂದು ವರ್ಗಸಂಖ್ಯೆ ಬರುತ್ತದೆ ಎಂದು ಫರ್ಮಾ 1657ರಲ್ಲಿ ಯುರೋಪಿನವರಿಗೆ ಸವಾಲು ಹಾಕುವ ಐದು ನೂರು ವರ್ಷಗಳ ಹಿಂದೆಯೇ ಭಾಸ್ಕರಾಚಾರ್ಯರು ಚಕ್ರವಾಲ ವಿಧಾನದಿಂದ ಅದನ್ನು ಬಿಡಿಸಿದ್ದರು. ಅತಿ ಚಿಕ್ಕ ಉತ್ತರ 226153980ರ ವರ್ಗ. ತಾಳ್ಮೆ ಇರುವ ಹೈಸ್ಕೂಲ್ ವಿದ್ಯಾರ್ಥಿ ಕಾಗದದ ಮೇಲೆ ಗುಣಿಸಿ ಇದನ್ನು ತಾಳೆ ನೋಡಬಹುದು. ಇಂದು ಹಣ ಇಟ್ಟಿರುವ ಸಮಸ್ಯೆಗಳಲ್ಲಿ ಹೆಚ್ಚಿನವು ಹಾಗಲ್ಲ. ಅವುಗಳ ಸಾಧನೆ ಸರಿಯೋ ತಪ್ಪೋ ಎಂದು ಹೇಳುವುದಕ್ಕೇ ಪರಿಣತರು ಬೇಕು.

ಆದ್ದರಿಂದ ಪತ್ರಿಕೆಯವರಲ್ಲಿ ನನ್ನ ವಿನಂತಿಯೆಂದರೆ, ಇಂಥ ಸುದ್ದಿ ಬಂದಾಗ ಸಾಧನೆ ಎಲ್ಲಿ ಪ್ರಕಟವಾಗಿದೆ, ಯಾರು ಪರಿಶೀಲಿಸಿದ್ದಾರೆ ಎಂದು ಕೇಳಿ, ಉತ್ತರವನ್ನು ವರದಿಯಲ್ಲೇ ಸೇರಿಸಬೇಕು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಗಲಿ, ನಮ್ಮ ಭಾಗದ ದೊಡ್ಡ ಪದವಿ ಕಾಲೇಜುಗಳಾಗಲಿ ತಿಂಗಳಿಗೊಂದು ಶನಿವಾರ ಮಧ್ಯಾಹ್ನವನ್ನು ಇದಕ್ಕೆಂದು ಮೀಸಲಿಟ್ಟು, ಕನ್ನಡದಲ್ಲಿ ಬರೆದು ತಂದದ್ದನ್ನೂ ಓದಿ, ತಪ್ಪಿದ್ದರೆ ಯಾವ ಸಾಲಿನಲ್ಲಿ ಎಂದು ಬರವಣಿಗೆಯಲ್ಲಿ ತಿಳಿಸುವ ವ್ಯವಸ್ಥೆ ಮಾಡಬೇಕು. ಸತ್ಕಾರಕ್ಕೆ ಖರ್ಚು ಮಾಡುವ ದಾನಿಗಳು ಎರ್ಡಿಶ್ ಅವರಂತೆ ಚಿಕ್ಕ ಮೊತ್ತಗಳನ್ನು, ಐನೂರೋ ಸಾವಿರವೋ ರೂಪಾಯಿಗಳನ್ನು, ಪದವಿ ಮಟ್ಟದಲ್ಲಿ ಬಿಡಿಸಬಹುದಾದ ಕಠಿಣ ಲೆಕ್ಕಗಳಿಗೆ ಇಡಬಹುದು. ಎರ್ಡಿಶ್ ಅವರು 25 ಡಾಲರಿನ ಬಹುಮಾನಗಳನ್ನೂ ಇಡುತ್ತಿದ್ದರು. ಯಾವುದಾದರೂ ವಿಭಾಗ ಮುಂದೆ ಬಂದರೆ ಮೊದಲ ಓದಿಗೆ ಕೂರಲು ನಾನು ಸಿದ್ಧನಿದ್ದೇನೆ, ಸಂಭಾವನೆ ಬೇಡ. ಆ ಹುಡುಗನಿಗೆ ಈಗಾಗಲೇ ಬರಲು ಹೇಳಿದ್ದೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಉಪನ್ಯಾಸಕ, ವಿಜಯಪುರ