ಮಗಳಿಗೊಂದು ಪತ್ರ: ಮೆತ್ತಿಯ ಗೋಡೆಯ ವೇಳಾಪಟ್ಟಿ

ಶಿರಸಿ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯ ಪ್ರಿಲಿಮ್ಸ್ ಫಲಿತಾಂಶ ಬಂದ ಸಂಜೆ ಫೋನಿನಲ್ಲಿ ನಡೆದದ್ದನ್ನು ಮತ್ತೆ ಬರೆಯುವುದಿಲ್ಲ. ಅದು ನಮ್ಮಿಬ್ಬರಿಗೂ ಗೊತ್ತಿದೆ. ನನ್ನ ದನಿ ಏರಿದ್ದಕ್ಕೆ ಬೇಸರವಿದೆ, ಆಡಿದ ಮಾತಿಗೆ ಅಷ್ಟಿಲ್ಲ. ಫೋನಿಡುವ ಮೊದಲು ನೀನು, ಇನ್ನು ಮೇಲೆ ದಿನಕ್ಕೆ ಹದಿನಾರು ತಾಸು ಓದುತ್ತೇನೆ, ಮುಂದಿನ ಸಲ ಮೊದಲ ನೂರರೊಳಗೆ ರ‍್ಯಾಂಕು ತೆಗೆಯದಿದ್ದರೆ ಕೇಳು ಎಂದೆಯಲ್ಲ, ಆ ಹದಿನಾರು ತಾಸಿನ ಮಾತು ನನ್ನಿಂದ ಈ ಪತ್ರ ಬರೆಸುತ್ತಿದೆ. ಪಾಸಾಗಲಿಲ್ಲ ಎಂದು ಕೇಳಿದಾಗ ಬೇಜಾರಾಯಿತು, ಹೆದರಿಕೆಯಾಗಲಿಲ್ಲ. ಹದಿನಾರು ತಾಸು ಎಂದು ಕೇಳಿದಾಗ ಹೆದರಿಕೆಯಾಯಿತು.

ದ್ವಿತೀಯ ಪಿಯುಸಿಯ ವರ್ಷ ಮೆತ್ತಿಯ ಗೋಡೆಗೆ ನೀನು ಅಂಟಿಸಿದ್ದ ವೇಳಾಪಟ್ಟಿ ನನಗೆ ಈಗಲೂ ಬಾಯಿಪಾಠವಿದೆ. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಸ್ಕೇಲಿಟ್ಟು ಗೆರೆ ಎಳೆದು, ಭೌತಶಾಸ್ತ್ರಕ್ಕೆ ಕೆಂಪು, ಗಣಿತಕ್ಕೆ ಹಸಿರು, ಜೀವಶಾಸ್ತ್ರಕ್ಕೆ ನೀಲಿ ಶಾಯಿಯಲ್ಲಿ ಬರೆದಿದ್ದೆ. ಬೆಳಗಿನ ನಾಲ್ಕರಿಂದ ರಾತ್ರಿ ಹನ್ನೊಂದರವರೆಗೆ ಒಂದು ಚೌಕವೂ ಖಾಲಿಯಿರಲಿಲ್ಲ. ಊಟಕ್ಕೆ ಹತ್ತು ನಿಮಿಷ. ಸ್ನಾನಕ್ಕೆ ಜಾಗವೇ ಇಲ್ಲ. ಮೀಯದೇ ಪಾಸಾದವರನ್ನು ತಾನು ಕಂಡಿಲ್ಲ ಎಂದು ನಿನ್ನ ಆಯಿ ನಕ್ಕಿದ್ದಳು. ಎರಡು ದಿನ ಪಟ್ಟಿಯಂತೆಯೇ ನಡೆಯಿತು. ಮೂರನೆಯ ದಿನ ರಾತ್ರಿ ಮಳೆಗೆ ಕರೆಂಟು ಹೋಗಿ ಗಣಿತದ ಒಂದು ಚೌಕ ತಪ್ಪಿತು. ನಾಲ್ಕನೆಯ ದಿನ ನಾನು ಚಹಾ ಹಿಡಿದು ಮೆತ್ತಿ ಹತ್ತಿದರೆ ನೀನು ಗೋಡೆಗೆ ಮುಖ ಮಾಡಿ ಮಲಗಿದ್ದೆ, ತನ್ನಿಂದ ಯಾವುದೂ ಆಗುವುದಿಲ್ಲ ಎಂದೆ, ಆಮೇಲೆ ಒಂದು ವಾರ ಪುಸ್ತಕ ಮುಟ್ಟಲಿಲ್ಲ. ತಪ್ಪಿದ್ದು ಒಂದು ತಾಸು, ಕಳೆದದ್ದು ಒಂದು ವಾರ. ಆ ವರ್ಷ ನೀನು ತೆಗೆದ ಅಂಕವನ್ನು ನಾನು ಪೇಟೆಯ ಅರ್ಧ ಜನರಿಗೆ ಹೇಳಿ ಬೀಗಿದವನು, ಆದರೂ ಆ ವರ್ಷ ಎಂದೊಡನೆ ಕಣ್ಣಿಗೆ ಬರುವುದು ಅಂಕಪಟ್ಟಿಯಲ್ಲ, ತಣ್ಣಗಾಗುತ್ತಿದ್ದ ಆ ಚಹಾದ ಲೋಟ ಮತ್ತು ನಿನ್ನ ಬೆನ್ನು. ಈಗ ಧಾರವಾಡದ ಬಾಡಿಗೆ ಕೋಣೆಯಲ್ಲಿ ನಾಲ್ಕನೆಯ ದಿನ ಬಂದರೆ ಮೆತ್ತಿ ಹತ್ತಿ ಬರುವವರು ಯಾರು?

ಉಪದೇಶ ಬರೆಯುವುದಿಲ್ಲ ಎಂದು ಆಯಿಗೆ ಮಾತು ಕೊಟ್ಟು ಕುಳಿತಿದ್ದೇನೆ, ಆದರೆ ಮೇಷ್ಟ್ರ ಕೈ ಸುಮ್ಮನಿರುವುದಿಲ್ಲ. ಕೆಲಸಕ್ಕೆ ಎಷ್ಟು ಹೊತ್ತು ಬೇಕು ಎಂದು ಅಂದಾಜು ಹಾಕುವಾಗ ಎಡವುವವಳು ನೀನೊಬ್ಬಳೇ ಅಲ್ಲ. ಮನುಷ್ಯರ ಈ ಚಾಳಿಯನ್ನು ಕಾನೆಮನ್ ಮತ್ತು ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿಯೇ ಗುರುತಿಸಿದ್ದರು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪದವಿಯ ಕೊನೆಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 34 ದಿನ ಸಾಕೆಂದಿದ್ದರು, ಹಿಡಿದದ್ದು 55 ದಿನ. ನನ್ನನ್ನು ನಿಲ್ಲಿಸಿದ್ದು ಇನ್ನೊಂದು ಅಂಕಿ: ಎಲ್ಲವೂ ಕೈಕೊಟ್ಟರೆ ಎಷ್ಟು ದಿನವಾದೀತು ಎಂದು ಕೇಳಿದಾಗಲೂ ಅವರು ಹೇಳಿದ್ದು 49 ದಿನವಂತೆ. ಕೆಟ್ಟದ್ದನ್ನು ಊಹಿಸುವಾಗಲೂ ನಾವು ನಮ್ಮ ಬಗ್ಗೆ ಉದಾರಿಗಳೇ. ಆದ್ದರಿಂದ ಹದಿನಾರನ್ನು ಎಂಟಕ್ಕೆ ಇಳಿಸು, ವಾರದಲ್ಲಿ ಒಂದು ದಿನವನ್ನು ಪೂರ್ತಿ ಖಾಲಿ ಬಿಡು. ಜ್ವರಕ್ಕೆ, ಕರೆಂಟಿಗೆ, ಯಾರದೋ ಮದುವೆಗೆ ಹೋದ ತಾಸುಗಳನ್ನು ತುಂಬಿಕೊಳ್ಳಲು ಆ ದಿನ ಬೇಕಾಗುತ್ತದೆ.

ಇನ್ನು ಆ ರ‍್ಯಾಂಕಿನ ಮಾತು. ಅಡಿಕೆಗೆ ಕೊಳೆರೋಗ ಬರಬಾರದು ಎಂಬುದು ನಮ್ಮ ಸೀಮೆಯ ಪ್ರತಿ ತೋಟಿಗನ ಆಸೆ, ಆದರೆ ಅದನ್ನು ಗುರಿಯೆಂದು ಇಟ್ಟುಕೊಂಡರೆ ಮಳೆಯನ್ನು ನೋಡುತ್ತ ಕೂರಬೇಕಾಗುತ್ತದೆ. ನಮ್ಮ ಕೈಯಲ್ಲಿರುವುದು ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಮಳೆ ಹಿಡಿಯುವ ಮೊದಲು ಒಂದು ಸಲ ಹೊಡೆಯುವುದು, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಮದ್ದು ಕಲಸಿದ ಮೇಲೆ ನಾನು ಉಜ್ಜಿದ ಚಾಕುವನ್ನು ಅದರಲ್ಲಿ ಅದ್ದಿ ನೋಡುವುದನ್ನು ನೀನು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಿದ್ದೆ. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಕಾಯಿ ಉಳಿಯಿತೇ ಎಂದು ತಿಳಿಯಲು ಮಳೆಗಾಲ ಮುಗಿಯಬೇಕು. ಮದ್ದು ಸರಿಯಿದೆಯೇ ಎಂಬುದು ಆ ಹೊತ್ತಿಗೇ ತಿಳಿಯುತ್ತದೆ. ನಿನ್ನ ಗುರಿಗೂ ಹಾಗೆ ಅದೇ ದಿನ ಅದ್ದಿ ನೋಡುವ ಚಾಕು ಇರಬೇಕು. ಮೊದಲ ನೂರರೊಳಗೆ ಎಂಬುದಕ್ಕೆ ಅದಿಲ್ಲ, ಏಕೆಂದರೆ ಉಳಿದವರು ಹೇಗೆ ಬರೆದಾರು ಎಂಬುದನ್ನೂ ಅದು ತನ್ನೊಳಗೆ ಸೇರಿಸಿಕೊಂಡಿದೆ.

ನೀನೇ ಹೇಳಿದಂತೆ ಈ ಸಲ ಮುಳುಗಿಸಿದ್ದು ಸಿಸ್ಯಾಟ್, ಲೆಕ್ಕ ಮತ್ತು ತರ್ಕದ ಆ ಎರಡನೆಯ ಪತ್ರಿಕೆ. ಮೊದಲ ಪತ್ರಿಕೆಯ ಕಟಾಫ್ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಅದನ್ನು ಹಿಡಿಯಲಾಗದು. ಎರಡನೆಯ ಪತ್ರಿಕೆಯಲ್ಲಿ ಹಾಗಲ್ಲ. ಇನ್ನೂರಕ್ಕೆ ಶೇಕಡಾ 33, ಅಂದರೆ 66 ಅಂಕ ಬಂದರಾಯಿತು, ಅದರಾಚೆ ಎಷ್ಟು ಬಂದರೂ ಲೆಕ್ಕಕ್ಕಿಲ್ಲ. ಎಂಬತ್ತು ಪ್ರಶ್ನೆ, ಒಂದೊಂದಕ್ಕೆ ಎರಡೂವರೆ ಅಂಕ, ತಪ್ಪಿದರೆ ಮೂರನೆಯ ಒಂದು ಭಾಗ ಕಡಿತ. ಮೂವತ್ತು ಸರಿಯಾಗಿ, ಹತ್ತು ತಪ್ಪಾದರೂ 66 ದಾಟುತ್ತದೆ. ಎಂದರೆ ಅರ್ಧ ಪತ್ರಿಕೆಯನ್ನು ಮುಟ್ಟದೆಯೇ ಪಾಸಾಗಬಹುದು. ಇದನ್ನು ಮೊದಲು ಹಿಡಿ. ದಿನವೂ ಬೆಳಗ್ಗೆ ಏಳಕ್ಕೆ, ಲೈಬ್ರರಿಗೆ ಹೋಗುವ ಮೊದಲು, ಕೋಣೆಯ ಮೇಜಿನ ಮೇಲೆ ಹತ್ತು ಲೆಕ್ಕ. ಭಾನುವಾರ ಗಡಿಯಾರವಿಟ್ಟು ಒಂದು ಹಳೆಯ ಪತ್ರಿಕೆ. ಹತ್ತರ ಬದಲು ಒಂದು ದಿನ ಆರೇ ಆದರೆ ಆರು ಎಂದು ಬರೆದುಕೊಂಡು ಮರುದಿನ ಮತ್ತೆ ಏಳಕ್ಕೆ ಕೂರು. ಗೋಡೆಗೆ ಮುಖ ಮಾಡಬೇಡ. ಇದನ್ನೇ ಮತ್ತೆ ಮತ್ತೆ ಹೇಳುತ್ತಿದ್ದೇನೆಂದು ನಿನಗೆ ಸಿಟ್ಟು ಬರುತ್ತಿರಬಹುದು, ಬರಲಿ.

ನಮ್ಮ ಮನೆತನದಲ್ಲಿ ಇಷ್ಟು ದೊಡ್ಡದಕ್ಕೆ ಕೈಹಾಕಿದವರು ಯಾರೂ ಇಲ್ಲ. ಅದನ್ನು ಬಿಡು ಎನ್ನಲು ನನಗೆ ಬಾಯಿ ಬರುವುದಿಲ್ಲ, ಬರಕೂಡದು ಕೂಡ. ನಿನ್ನ ಪಾಲಿನ ಆರು ಅವಕಾಶಗಳಲ್ಲಿ ಇನ್ನು ನಾಲ್ಕಿವೆ. ನಾಲ್ಕನ್ನೂ ಬಳಸುತ್ತೀಯೋ, ಎರಡಕ್ಕೆ ನಿಲ್ಲಿಸುತ್ತೀಯೋ ಎಂಬುದನ್ನು ಮನಸ್ಸು ತಣ್ಣಗಿರುವ ಈ ತಿಂಗಳಲ್ಲೇ ನಿರ್ಧರಿಸಿ ಡೈರಿಯಲ್ಲಿ ಬರೆದಿಡು. ಇನ್ನೊಂದು ಫಲಿತಾಂಶದ ಸಂಜೆ ಅದನ್ನು ಯೋಚಿಸುವುದು ಬೇಡ. ರಾಜ್ಯದ ಕೆಎಎಸ್ ಪರೀಕ್ಷೆಯ ಅರ್ಜಿಯನ್ನೂ ಹಾಕಿಡು. ಅದನ್ನು ಕೀಳೆಂದು ನೀನು ಹೇಳಿದ್ದು ಆಯಿಗೂ ಹಿಡಿಸಲಿಲ್ಲ.

ಈ ತಿಂಗಳ ಖರ್ಚಿಗೆ ಖಾತೆಗೆ ಹಣ ಹಾಕಿದ್ದೇನೆ. ಹೊಸ ಪುಸ್ತಕ ಕೊಳ್ಳಬೇಡ, ಕಳೆದ ಸಲ ಕೊಂಡವುಗಳಲ್ಲಿ ಎರಡರ ಪ್ಲಾಸ್ಟಿಕ್ ಹೊದಿಕೆಯನ್ನೇ ನೀನು ಬಿಚ್ಚಿಲ್ಲ ಎಂದು ನಿನ್ನ ಕೋಣೆಗೆ ಬಂದಾಗ ನೋಡಿದ್ದೇನೆ. ಮೆಸ್ಸಿನ ಊಟ ಸೇರದಿದ್ದರೆ ಬೇರೆ ಮೆಸ್ಸು ನೋಡು. ಮೊದಲ ವಾರದ ಲೆಕ್ಕವನ್ನು, ಆರಾಗಲಿ ಹತ್ತಾಗಲಿ, ಬರುವ ಭಾನುವಾರ ರಾತ್ರಿ ವಾಟ್ಸಾಪಿಗೆ ಹಾಕು. ನಾನು ಅದಕ್ಕೆ ಏನೂ ಟಿಪ್ಪಣಿ ಮಾಡುವುದಿಲ್ಲ.

ನಿನ್ನ
ಅಪ್ಪ